ನಲವತ್ತೇಳನೆಯ ಹಾಳೆಯ ಮೈದಾನ

ನಕ್ಷೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರಿಗೆ ಪ್ರಪಂಚದ ದಾರಿಗಳೆಲ್ಲ ಗೊತ್ತಿರುತ್ತವೆ ಎಂದು ನಮ್ಮ ಬೀದಿಯವರು ನಂಬಿದ್ದರೆ ಅದು ಬೀದಿಯವರ ತಪ್ಪಲ್ಲ. ನಕ್ಷೆಯವರು ಆ ನಂಬಿಕೆಯನ್ನು ಒಂದು ದಿನವೂ ಅಲ್ಲಗಳೆದವರಲ್ಲ. ಅವರ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಇದ್ದೀತು. ಬೀದಿಯಲ್ಲಿ ಮಾತ್ರ ಅವರು ನಕ್ಷೆಯವರು. ಅಳತೆಯವರು ಬಿಸಿಲಲ್ಲಿ ಅಲೆದು ಬರೆದು ತಂದ ಒರಟು ಹಾಳೆಯ ಮೇಲೆ ತೆಳುವಾದ ಹಾಳೆ ಹಾಸಿ, ಕೂದಲಿನಷ್ಟು ಸಣ್ಣ ಮೊನೆಯ ಪೆನ್ನಿನಿಂದ ಅಂದವಾಗಿ ನಕಲು ತೆಗೆಯುವುದು ಅವರ ಕೆಲಸ. ಎಷ್ಟೋ ನದಿಗಳು, ಎಷ್ಟೋ ಕಾಡುಗಳು ಅವರ ಕೈಕೆಳಗೆ ಹಾದುಹೋಗಿದ್ದವು. ಆದರೆ ಅವರು ತಮ್ಮ ಕಾಲಿನಿಂದ ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಅವರ ಮನೆಯ ತಾರಸಿ. ಅದೂ ನೀರಿನ ತೊಟ್ಟಿ ತುಂಬಿ ಹರಿದಾಗ. ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು.

ಅವರ ಪಕ್ಕದ ಮನೆಯಲ್ಲಿ ಅಂಚೆಯಜ್ಜ ಇದ್ದರು. ಮೂವತ್ತೆಂಟು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದವರು. ಅಜ್ಜಿ ಹೋಗಿ ಒಂಬತ್ತು ತಿಂಗಳಾಗಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೇವರು ಕರೆದುಕೊಂಡ, ಅಷ್ಟೇ. ಬರೆದರೆ ವಾಪಸು ಕಳಿಸುವವನಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಜ್ಜ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ನಕ್ಷೆಯವರು ಹೆಂಡತಿಯೊಂದಿಗೆ ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

"ಡಾಕ್ಟರು ಹೇಳಿಬಿಟ್ರಪ್ಪ," ಎಂದರು ಅಜ್ಜ. "ಈ ಮಂಡೀಲಿ ಇನ್ನು ಒಂದೇ ಒಂದು ಬೆಟ್ಟ ಉಳಿದಿದೆಯಂತೆ. ಅದು ಆದ ಮೇಲೆ ಕುರ್ಚಿ, ಇಲ್ಲದಿದ್ರೆ ಆಪರೇಷನ್."

"ಹಾಗಾದ್ರೆ ಆ ಒಂದನ್ನ ಉಳಿಸಿಕೊಳ್ಳಿ ಅಜ್ಜ," ಎಂದರು ನಕ್ಷೆಯವರ ಹೆಂಡತಿ.

"ಉಳಿಸಿಕೊಂಡು ಏನು ಮಾಡಲಮ್ಮ? ನಿಮ್ಮಜ್ಜಿ ನಲವತ್ತು ವರ್ಷ ಹಿತ್ತಿಲಲ್ಲಿ ಬಟ್ಟೆ ಹರವೋವಾಗೆಲ್ಲ ಎದುರಿಗಿರೋ ಆ ಬೆಟ್ಟ ನೋಡೋಳು. 'ರೀ, ಆ ತುದೀಲಿ ನಿಂತ್ರೆ ನಮ್ಮನೆ ಕಾಣುತ್ತಾ?' ಅಂತ ಕೇಳೋಳು. ನನಗೆ ಕಾಗದ ಹಂಚೋ ಅವಸರ. 'ಒಂದಿನ ಹೋಗಿ ನೋಡಿ ಬಂದು ಹೇಳ್ತೀನಿ ಕಣೇ' ಅಂತಿದ್ದೆ. ಊರಿನವರ ಕಾಗದ ಎಲ್ಲ ಮುಟ್ಟಿಸಿದೆ. ಇದೊಂದು ಉತ್ತರ ನನ್ನ ಚೀಲದಲ್ಲೇ ಉಳೀತು." ಅಜ್ಜ ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿದರು. "ಹತ್ತೋದು ಒಂದೇ ಸಲ. ದಾರಿ ತಪ್ಪಿದ್ರೆ ಮುಗೀತು. ಯಾವ ದಾರಿ ಅಂತ ಯಾರನ್ನ ಕೇಳಲಿ?"

ಇಂಥ ಪ್ರಶ್ನೆ ಎದುರಿಗೆ ಬಿದ್ದಿರುವಾಗ ಸುಮ್ಮನಿರುವುದು ನಕ್ಷೆಯವರ ಜಾತಕದಲ್ಲಿ ಇರಲಿಲ್ಲ.

"ಆ ಬೆಟ್ಟ ತಾನೇ? ಅದರ ಒಂದೊಂದು ಕಲ್ಲೂ ನನಗೆ ಗೊತ್ತು ಅಜ್ಜ," ಎಂದುಬಿಟ್ಟರು.

ಈ ಮಾತು ಮಧ್ಯಾಹ್ನದೊಳಗೆ ಬೀದಿಯ ತುದಿ ಮುಟ್ಟಿತು. ದಿನಸಿ ಅಂಗಡಿಯ ಹೊತ್ತಿಗೆ ನಕ್ಷೆಯವರು ಆ ಬೆಟ್ಟ ಹತ್ತಿದ್ದರು. ದರ್ಜಿಯ ಅಂಗಡಿಯ ಹೊತ್ತಿಗೆ ಮೂರು ಸಲ ಹತ್ತಿದ್ದರು. ಹಿಟ್ಟಿನ ಗಿರಣಿ ತಲುಪುವಾಗ ಮೂರರಲ್ಲಿ ಒಂದು ಸಲ ಬರಿಗಾಲಿನಲ್ಲಿ. ಸಂಜೆ ಗಿರಣಿಯವನೇ ಅವರನ್ನು ನಿಲ್ಲಿಸಿ, "ಬರಿಗಾಲಲ್ಲಿ ಹೋಗಿದ್ರಂತೆ ಸಾರ್?" ಎಂದು ಕೇಳಿದ. ಸತ್ಯಕ್ಕಾಗಿ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕೆಂದು ನಕ್ಷೆಯವರಿಗೂ ಅನ್ನಿಸಿತು. "ಛೇ ಛೇ, ಚಪ್ಪಲಿ ಇತ್ತು," ಎಂದರು.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದರು.

"ನೀವು ಯಾವಾಗ ರೀ ಬೆಟ್ಟ ಹತ್ತಿದ್ದು?"

"ಹತ್ತಿದ್ದೆ ಅಂತ ನಾನೆಲ್ಲಿ ಹೇಳಿದೆ?"

"ಚಪ್ಪಲಿ ಇತ್ತು ಅಂದ್ರಂತಲ್ಲ."

"ಚಪ್ಪಲಿ ಇತ್ತು. ಅದರಲ್ಲಿ ಸುಳ್ಳೇನಿದೆ? ಈಗಲೂ ಇದೆ, ಬಾಗಿಲ ಹತ್ರ ನೋಡು."

ಮಾರನೆಯ ದಿನ ಹೆಂಡತಿಯ ತಮ್ಮ ಬಂದ. ಅವನು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಮನೆಯೊಳಗೂ ಎಡ-ಬಲ ಎಣಿಸಿದಂತೆ ನಡೆಯುತ್ತಿದ್ದ. ಬೆಟ್ಟದ ವಿಷಯದಲ್ಲಿ ತನ್ನನ್ನು ಬಿಟ್ಟು ಭಾವನನ್ನು ಕೇಳಿದ್ದಾರೆಂಬ ಸುದ್ದಿ ಅವನಿಗೆ ಊಟ ಸೇರದಂತೆ ಮಾಡಿತ್ತು. ಅಜ್ಜನ ಮನೆಯ ಮೇಜಿನ ಮೇಲೆ ಸಭೆ ಸೇರಿತು. ನಕ್ಷೆಯವರು ಕಚೇರಿಯಿಂದ ತಂದಿದ್ದ ನಲವತ್ತೇಳನೆಯ ಹಾಳೆಯನ್ನು ಹಾಸಿ ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟರು.

"ನೋಡಿ ಅಜ್ಜ, ಈ ಕಂದು ಗೆರೆಗಳೆಲ್ಲ ಎತ್ತರದ ಗೆರೆಗಳು. ಒಂದು ಗೆರೆ ದಾಟಿದ್ರೆ ಇಪ್ಪತ್ತು ಮೀಟರ್ ಮೇಲೆ ಹೋದ ಹಾಗೆ. ಗೆರೆ ದೂರ ದೂರ ಇದ್ರೆ ಸುಲಭದ ಏರು. ಒತ್ತೊತ್ತಾಗಿದ್ರೆ ಕಡಿದು."

"ಭಾವ, ಪಾಠ ಬೇಡ, ದಾರಿ ಹೇಳಿ," ಎಂದ ಮೇಷ್ಟ್ರು.

ದಾರಿಗಳು ಮೂರಿದ್ದವು. ಮೊದಲನೆಯದು ಮೆಟ್ಟಿಲ ದಾರಿ. ಎರಡು ಸಾವಿರದ ನೂರು ಮೆಟ್ಟಿಲು ಎಂದ ಕೂಡಲೇ ಅಜ್ಜ ಮಂಡಿಯ ಮೇಲೆ ಕೈ ಇಟ್ಟುಕೊಂಡದ್ದರಿಂದ ಅದು ಬಿದ್ದುಹೋಯಿತು. ಎರಡನೆಯದು ಬೆಟ್ಟದ ಬೆನ್ನಿನ ಮೇಲೆ ಸುತ್ತಿಕೊಂಡು ಹೋಗುವ ದಾರಿ. ಮೂರನೆಯದು ಕಣಿವೆಯ ದಾರಿ. ನಕ್ಷೆಯವರು ದಾರವೊಂದನ್ನು ನೀರಿನಲ್ಲಿ ಅದ್ದಿ, ದಾರಿ ಬಳುಕಿದ ಹಾಗೆಲ್ಲ ಅದನ್ನೂ ಬಳುಕಿಸಿ ಅಳೆದರು. ಬೆನ್ನಿನ ದಾರಿ ಒಂಬತ್ತು ಕಿಲೋಮೀಟರ್. ಕಣಿವೆಯದು ನಾಲ್ಕೂವರೆ.

"ಬೆನ್ನಿನ ದಾರೀನೇ ಸರಿ," ಎಂದ ಮೇಷ್ಟ್ರು. "ದೂರ ಇದ್ರೂ ಮೆಲ್ಲಗೆ ಏರುತ್ತೆ. ನಮ್ಮ ಹುಡುಗರನ್ನ ಮೂರು ಸಲ ಕರಕೊಂಡು ಹೋಗಿದೀನಿ, ಅರ್ಧದವರೆಗೆ."

"ಅರ್ಧದವರೆಗೆ ಯಾಕೋ?"

"ಅಷ್ಟರಲ್ಲಿ ಶಾಲೆ ಬಿಡೋ ಹೊತ್ತಾಗುತ್ತೆ."

ನಕ್ಷೆಯವರು ನಕ್ಕರು. ಬೆರಳನ್ನು ಕಣಿವೆಯ ಗುಂಟ ನಡೆಸಿ, ತುದಿಯ ಸ್ವಲ್ಪ ಕೆಳಗೆ ನಿಲ್ಲಿಸಿದರು. ಅಲ್ಲಿ ಗೆರೆಗಳು ಕಡಿದುಹೋಗಿ, ಹೆಬ್ಬೆರಳ ಉಗುರಿನಷ್ಟು ಅಗಲದ ಬಿಳಿ ಜಾಗವಿತ್ತು.

"ಇದು ನೋಡಿ. ಇಲ್ಲಿ ಗೆರೆಯೇ ಇಲ್ಲ. ಗೆರೆ ಇಲ್ಲ ಅಂದ್ರೆ ಏರಿಲ್ಲ. ಏರಿಲ್ಲ ಅಂದ್ರೆ ಮಂಡಿಗೆ ಕೆಲಸ ಇಲ್ಲ. ಇದು ಮೈದಾನ."

"ಅಷ್ಟು ಮೇಲೆ ಮೈದಾನ ಯಾಕಪ್ಪ ಇರುತ್ತೆ?" ಎಂದರು ಅಜ್ಜ.

"ದೇವರ ಸೃಷ್ಟಿ ಅಜ್ಜ. ನಿಮ್ಮಂಥವರು ಹತ್ತೋವಾಗ ಕೂತು ದಣಿವಾರಿಸಿಕೊಳ್ಳಲಿ ಅಂತ ಮಾಡಿರಬೇಕು."

ದೇವರ ಹೆಸರು ಬಂದ ಮೇಲೆ ಅಜ್ಜ ವಾದಿಸುವವರಲ್ಲ. ಕಣಿವೆಯ ದಾರಿಯೇ ನಿಶ್ಚಯವಾಯಿತು. ಮೇಷ್ಟ್ರು ಎದ್ದು ನಿಂತು, "ಭಾವ, ಕಾಗದದ ಮೇಲೆ ನಡೆಯೋದಕ್ಕೂ ನೆಲದ ಮೇಲೆ ನಡೆಯೋದಕ್ಕೂ ವ್ಯತ್ಯಾಸ ಇದೆ," ಎಂದ. "ಅದಕ್ಕೇ ನೀನು ಮೈದಾನ ಬಿಟ್ಟು ಎಲ್ಲೂ ಹೋಗಿಲ್ಲ," ಎಂದರು ನಕ್ಷೆಯವರು.

ಬೀದಿಯ ಗೌರವವನ್ನು ಹೆಗಲ ಮೇಲೆ ಹೊತ್ತವರು ದೇಹವನ್ನೂ ಹದ ಮಾಡಿಕೊಳ್ಳಬೇಕಲ್ಲ. ನಕ್ಷೆಯವರು ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ನೆಲಮಹಡಿಯಿಂದ ಮೂರನೆಯ ಮಹಡಿಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಶುರುಮಾಡಿದರು. ಬೆಟ್ಟಕ್ಕೆ ಚೀಲ ಹೊರಬೇಕಾಗುತ್ತದೆಂದು ಎದೆಗೆ ಎರಡು ದಪ್ಪ ಫೈಲು ಅವಚಿಕೊಂಡಿದ್ದರು. ಮೂರನೆಯ ಮಹಡಿಯಲ್ಲಿ ಸಾಹೇಬರ ಕೋಣೆ. ಬೆವರುತ್ತಾ, ಬಾಯಿ ಬಿಡುತ್ತಾ, ಫೈಲು ಹಿಡಿದು ತಮ್ಮ ಬಾಗಿಲವರೆಗೆ ಬಂದು ಒಳಗೆ ಬರಲು ಧೈರ್ಯವಿಲ್ಲದೆ ಹಿಂತಿರುಗುವ ನೌಕರನನ್ನು ಸಾಹೇಬರು ನಾಲ್ಕು ದಿನ ನೋಡಿದರು. ಐದನೆಯ ದಿನ ಅವರಿಗೇ ತಡೆಯಲಿಲ್ಲ.

"ಬನ್ನಿ ಒಳಗೆ. ಹೆದರಬೇಡಿ. ಏನಾಗಬೇಕು ಹೇಳಿ."

"ಬೆಟ್ಟ ಸಾರ್," ಎಂದರು ನಕ್ಷೆಯವರು ಏದುಸಿರಿನಲ್ಲಿ.

"ಯಾವ ಹಾಳೆ?"

"ನಲವತ್ತೇಳು ಸಾರ್."

"ಅದರಲ್ಲೇನು ತೊಂದರೆ?"

"ತೊಂದರೆ ಇಲ್ಲ ಸಾರ್. ಹತ್ತಬೇಕು."

ಸಾಹೇಬರು ಕನ್ನಡಕ ತೆಗೆದರು. "ಹಾಳೇನಾ?"

"ಬೆಟ್ಟ ಸಾರ್. ಶನಿವಾರ."

ಇಪ್ಪತ್ತೆಂಟು ವರ್ಷ ಒಂದೇ ಮೇಜಿನ ಮುಂದೆ ಬಗ್ಗಿ ಕೂತರೆ ಮನುಷ್ಯ ಕೊನೆಗೆ ಹೀಗಾಗುತ್ತಾನೆ ಎಂದು ಸಾಹೇಬರು ಮನಸ್ಸಿನಲ್ಲೇ ಮರುಗಿರಬೇಕು. ಕೇಳಿದ್ದು ಒಂದು ದಿನವಾದರೂ ಮೂರು ದಿನದ ರಜೆ ಬರೆದುಕೊಟ್ಟರು. "ಮನೆಯವರನ್ನೂ ಜೊತೇಲಿ ಕರಕೊಂಡು ಹೋಗಿ, ಒಬ್ಬರೇ ಹೋಗಬೇಡಿ," ಎಂದು ಎರಡು ಸಲ ಹೇಳಿದರು. ಹೀಗಾಗಿ ಹೆಂಡತಿಯೂ ಹೊರಟರು. "ಹೇಗೂ ಬುತ್ತಿ ನಾನೇ ಕಟ್ಟಬೇಕು, ಹೊರೋಕೂ ನಾನೇ ಆಗಲಿ," ಎಂಬುದು ಅವರ ವಿವರಣೆ.

ಶನಿವಾರ ಬೆಳಿಗ್ಗೆ ಆರೂವರೆಗೆ ನಾಲ್ವರೂ ಬೆಟ್ಟದ ಬುಡದ ಗೇಟಿನಲ್ಲಿ ನಿಂತಿದ್ದರು. ಅರಣ್ಯದ ಕಾವಲುಗಾರ ಮಂಕಿ ಟೋಪಿಯೊಳಗಿಂದಲೇ ನೋಡುತ್ತಾ ಒಂದು ಪುಸ್ತಕ ಚಾಚಿದ. ಹತ್ತುವವರು ಯಾವ ದಾರಿಯಲ್ಲಿ ಹತ್ತುತ್ತಾರೆಂದು ಅದರಲ್ಲಿ ಬರೆಯಬೇಕು. ನಕ್ಷೆಯವರು ಮುತ್ತಿನಂಥ ಅಕ್ಷರದಲ್ಲಿ 'ಕಣಿವೆಯ ದಾರಿ' ಎಂದು ಬರೆದರು.

ಕಾವಲುಗಾರ ಅದನ್ನು ಓದಿ ಟೋಪಿ ಮೇಲೆತ್ತಿದ. "ಕಣಿವೇಲಿ ಯಾರೂ ಹೋಗಲ್ಲ ಸಾರ್."

"ಒಳ್ಳೇದಾಯ್ತು. ನೂಕುನುಗ್ಗಲು ಇರಲ್ಲ."

"ಹಾಗಲ್ಲ ಸಾರ್. ಮೇಲೆ ಬಂಡೆ ಇದೆ. ಗೋಡೆ ಇದ್ದಂಗೆ."

ನಕ್ಷೆಯವರು ಮುಗುಳ್ನಕ್ಕರು. ಹಾಳೆ ಬಿಡಿಸಿ ಬಿಳಿ ಜಾಗವನ್ನು ತೋರಿಸಿದರು. ಕಾವಲುಗಾರನ ಕಣ್ಣು ಬಿದ್ದದ್ದು ಬಿಳಿ ಜಾಗದ ಮೇಲಲ್ಲ, ಕೆಳಗಡೆ ಒತ್ತಿದ್ದ ಇಲಾಖೆಯ ಮೊಹರಿನ ಮೇಲೆ. ಅವನು ಎದ್ದು ನಿಂತ.

"ಇಲಾಖೆಯವರಾ? ಮೊದಲೇ ಹೇಳಬಾರದಾ ಸಾರ್?" ಮತ್ತೆ ಹಾಳೆಯನ್ನೂ ಬೆಟ್ಟವನ್ನೂ ನೋಡಿದ. ಬೆಟ್ಟದ ಮೇಲ್ಭಾಗ ಮಂಜಿನಲ್ಲಿತ್ತು. "ನಕ್ಷೇಲಿ ಇಲ್ಲ ಅಂದ್ರೆ ಸರ್ಕಾರ ತೆಗೆಸಿರಬೇಕು. ನನಗೆ ಮಾತ್ರ ಇನ್ನೂ ಕಾಗದ ಬಂದಿಲ್ಲ."

"ಬರುತ್ತೆ," ಎಂದರು ನಕ್ಷೆಯವರು, ಧಾರಾಳವಾಗಿ.

"ಅಕ್ಕಾ, ಕೇಳಿದೆಯಾ? ಸರ್ಕಾರ ಬಂಡೆ ತೆಗೆಸಿದೆಯಂತೆ!" ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. "ನಾನು ಬೆನ್ನಿನ ದಾರೀಲಿ ಹೋಗ್ತೀನಿ. ಅಜ್ಜ, ನನ್ನ ಜೊತೆ ಬನ್ನಿ."

ಅಜ್ಜ ಬೆನ್ನಿನ ದಾರಿ ನೋಡಿದರು; ಅದು ಎಡಕ್ಕೆ ಹೋಗಿ ಹೋಗಿ ಕಣ್ಣಿಗೇ ಸಿಗದಷ್ಟು ದೂರದಲ್ಲಿ ತಿರುಗುತ್ತಿತ್ತು. ಮಂಡಿಯನ್ನು ನೋಡಿದರು. "ಒಂಬತ್ತು ಮೈಲಿ ಅಂದ್ರೆ—"

"ಕಿಲೋಮೀಟರ್ ಅಜ್ಜ."

"ಮಂಡಿಗೆ ಎರಡೂ ಒಂದೇ ಕಣಪ್ಪ. ನಾನು ಮೈದಾನ ಇರೋ ಕಡೆ ಹೋಗ್ತೀನಿ."

ಮೇಷ್ಟ್ರು ಸೀಟಿ ಊದಿ, ಒಬ್ಬನೇ ಸಾಲಾಗಿ ಹೊರಟ. ಹೋಗುವ ಅವಸರದಲ್ಲಿ ನೀರಿನ ಕ್ಯಾನುಗಳಿದ್ದ ಚೀಲ ಅವನ ಬೆನ್ನಿನ ಮೇಲೆಯೇ ಹೋಯಿತು; ಅಜ್ಜನ ಬಳಿ ಉಳಿದದ್ದು ಒಂದು ಸಣ್ಣ ನೀರಿನ ಸೀಸೆ. ಬುತ್ತಿ ಅಕ್ಕನ ಬಳಿ ಉಳಿಯಿತು.

ಕಣಿವೆಯ ದಾರಿ ಮೊದಲು ಮರಗಳ ನಡುವೆ, ಆಮೇಲೆ ಒಣಗಿದ ತೊರೆಯ ಉರುಟು ಕಲ್ಲುಗಳ ಮೇಲೆ ಏರುತ್ತಿತ್ತು. ಅಜ್ಜ ಕೋಲೂರಿಕೊಂಡು, ಅವಸರವಿಲ್ಲದೆ, ಮನೆಮನೆ ಎಣಿಸಿಕೊಂಡು ಹೋಗುವವರಂತೆ ನಡೆದರು. ನಕ್ಷೆಯವರು ಐವತ್ತು ಹೆಜ್ಜೆಗೊಮ್ಮೆ ನಿಂತು ಹಾಳೆ ಬಿಡಿಸಿ ದಾರಿಯನ್ನು ಪರೀಕ್ಷಿಸುತ್ತಿದ್ದರು.

"ಹಾಳೆ ನೋಡೋಕೆ ಬಾಯಿ ಯಾಕ್ರೀ ಅಷ್ಟು ತೆಗೀಬೇಕು?" ಎಂದು ಕೇಳಿದರು ಹೆಂಡತಿ.

ಎರಡನೆಯ ಗಂಟೆಯ ಹೊತ್ತಿಗೆ ಅವರ ಫೈಲುಗಳ ಅಭ್ಯಾಸವೆಲ್ಲ ಕರಗಿಹೋಗಿತ್ತು. ಮೂರನೆಯ ಗಂಟೆಯಲ್ಲಿ ಅವರು ಕೈಯನ್ನೂ ಕಾಲಿನಂತೆ ಬಳಸಲು ಕಲಿತರು. ಅಜ್ಜನ ಮಂಡಿ ಊದಿಕೊಳ್ಳುತ್ತಿತ್ತು. ಅವರು ಅದನ್ನು ಹೇಳಲಿಲ್ಲ, ನಕ್ಷೆಯವರ ಹೆಂಡತಿ ನೋಡಿದರು. "ಇನ್ನೆಷ್ಟು ದೂರ?" ಎಂದು ಅಜ್ಜ ಕೇಳಿದಾಗಲೆಲ್ಲ ನಕ್ಷೆಯವರು, "ಮೈದಾನ ಬಂತು ಅಜ್ಜ, ಅಲ್ಲಿಂದ ತುದಿ ಹತ್ತು ಹೆಜ್ಜೆ," ಎನ್ನುತ್ತಿದ್ದರು. ಐದು ಗಂಟೆಗೂ ಹೆಚ್ಚು ಹೊತ್ತು ಹತ್ತಿದ ಮೇಲೆ ಮಂಜು ಕರಗಿತು. ಎದುರಿಗೆ ಬಂಡೆ ನಿಂತಿತ್ತು.

ಗೋಡೆ ಇದ್ದ ಹಾಗೆ ಎಂದು ಕಾವಲುಗಾರ ಹೇಳಿದ್ದು ಕಡಿಮೆಯೇ. ಗೋಡೆಗೆ ಕಿಟಕಿಯಾದರೂ ಇರುತ್ತದೆ. ಇದು ಎಡಕ್ಕೂ ಬಲಕ್ಕೂ ಕಪ್ಪಗೆ, ನುಣ್ಣಗೆ, ಕತ್ತು ನೋಯುವಷ್ಟು ಎತ್ತರಕ್ಕೆ ನಿಂತಿತ್ತು. ಅದರ ಬುಡದಲ್ಲಿ ಮೂರು ಜನ ಕೂರುವಷ್ಟು ಚಪ್ಪಟೆ ಕಲ್ಲೊಂದಿತ್ತು. ಮೈದಾನವೆಂದರೆ ಅದೇ.

ನಕ್ಷೆಯವರು ಹಾಳೆ ನೋಡಿದರು, ಬಂಡೆ ನೋಡಿದರು. "ಇದು ಇಲ್ಲಿ ಇರಬಾರದು," ಎಂದರು.

"ಬಂಡೆಗೆ ಹೇಳಿ," ಎಂದರು ಹೆಂಡತಿ.

ಹಾಳೆಯ ಕೆಳಗಿನ ಮೂಲೆಯಲ್ಲಿ, ನಕಲು ತೆಗೆದವರ ಸಹಿಯಿರುವ ಕಡೆ, ಸಾಸಿವೆಯಷ್ಟು ದೊಡ್ಡದಾದ ಎರಡು ಅಕ್ಷರಗಳಿರುತ್ತವೆ. ಅವನ್ನು ಯಾರೂ ಓದುವುದಿಲ್ಲ. ಈ ಹಾಳೆ ತೆಗೆದ ಅಯೋಗ್ಯ ಯಾರೆಂದು ತಿಳಿದುಕೊಳ್ಳಲು ನಕ್ಷೆಯವರು ಅದನ್ನು ಕಣ್ಣಿನ ಹತ್ತಿರ ತಂದರು. ತುಂಬ ಹೊತ್ತು ಹಾಗೆಯೇ ಹಿಡಿದಿದ್ದರು.

"ಯಾರಂತೆ?" ಎಂದರು ಹೆಂಡತಿ.

ನಕ್ಷೆಯವರು ಚಪ್ಪಟೆ ಕಲ್ಲಿನ ಮೇಲೆ ಕೂತರು. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಅವರಿಗೆ ನೆನಪಾಗಿತ್ತು. ಈ ಜಾಗದಲ್ಲಿ ನಾಲ್ಕು ಗೆರೆ ಒಂದರ ಮೇಲೊಂದು ಬಿದ್ದಿದ್ದವು. ಬರೆದರೆ ಮಸಿ ಕೂಡಿಕೊಂಡು ಕಪ್ಪು ಮುದ್ದೆಯಾಗುತ್ತಿತ್ತು. ಅಂಥ ಕಡೆ ಗೆರೆಗಳನ್ನು ಬಿಟ್ಟು, ಆಮೇಲೆ ಅಲ್ಲಿ ಬಂಡೆಯ ಗುರುತು ಹಾಕುವುದು ಕಚೇರಿಯ ಪದ್ಧತಿ. ಅವರು ಗೆರೆ ಬಿಟ್ಟರು. ಗುರುತು ಹಾಕುವ ಮೊದಲು ಊಟಕ್ಕೆ ಎದ್ದರು. ಊಟ ಮುಗಿಸಿ ಬರುವಾಗ ಮೇಜಿನ ಮೇಲೆ ಬೇರೊಂದು ಹಾಳೆ ಬಂದಿತ್ತು.

"ನಾನೇ ಅಜ್ಜ," ಎಂದರು. "ಈ ಮೈದಾನ ನಾನೇ ಮಾಡಿದ್ದು. ಈ ಬೆಟ್ಟ ನಾನು ಒಂದು ಸಲಾನೂ ಹತ್ತಿಲ್ಲ. ಚಪ್ಪಲಿ ಇದ್ದದ್ದು ನಿಜ, ಅಷ್ಟೇ."

ಅಜ್ಜ ಬಂಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಬಯ್ಯಲಿಲ್ಲ. ಬೈದಿದ್ದರೆ ನಕ್ಷೆಯವರಿಗೆ ಎಷ್ಟೋ ಹಗುರವಾಗುತ್ತಿತ್ತು. "ವಾಪಸು ಇಳಿದು ಆ ಕಡೆಯಿಂದ ಹತ್ತೋಕೆ ಇದಾಗಲ್ಲಪ್ಪ," ಎಂದು ಮಂಡಿಯನ್ನು ತೋರಿಸಿದರು, ಅಷ್ಟೇ.

ಆಗ ಆಕಾಶದಲ್ಲಿ ಸೀಟಿ ಕೇಳಿಸಿತು.

ಮೂವರೂ ತಲೆಯೆತ್ತಿದರು. ಬಂಡೆಯ ನೆತ್ತಿಯ ಅಂಚಿನಲ್ಲಿ ಮೇಷ್ಟ್ರ ತಲೆ, ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣಿಸಿತು.

"ಭಾವಾ! ಮೈದಾನದಲ್ಲಿ ಆಟ ನಡೀತಿದೆಯಾ?"

"ಅಂಚಿನಿಂದ ಹಿಂದೆ ಸರಿಯೋ!" ಎಂದು ಅಕ್ಕ ಕೂಗಿದರು.

"ನಾನು ಗೆದ್ದೆ ಅಕ್ಕಾ! ತುದೀಲಿದೀನಿ! ಊಟ ಯಾರ ಹತ್ರ ಇದೆ?"

"ನಮ್ಮ ಹತ್ರ! ನೀರು?"

ಮೇಲಿನ ತಲೆ ತನ್ನ ಬೆನ್ನ ಮೇಲಿನ ಚೀಲದತ್ತ ತಿರುಗಿತು. ಗೆದ್ದವನಿಗೆ ಆಗಷ್ಟೇ ಪರಿಸ್ಥಿತಿ ಅರ್ಥವಾಗುತ್ತಿತ್ತು.

ಅಜ್ಜ ಎರಡು ಕೈಗಳನ್ನೂ ಬಾಯಿಯ ಸುತ್ತ ಹಿಡಿದರು. ಮೂವತ್ತೆಂಟು ವರ್ಷ ಬಾಗಿಲ ಹೊರಗೆ ನಿಂತು 'ಪೋಸ್ಟ್' ಎಂದು ಕೂಗಿದ ಗಂಟಲು ಅದು. "ಮೇಷ್ಟ್ರೇ! ಅಲ್ಲಿಂದ ನಮ್ಮನೆ ಕಾಣುತ್ತಾ? ಸರಿಯಾಗಿ ನೋಡಿ ಹೇಳಿ!"

ತಲೆ ಮಾಯವಾಯಿತು. ಅತ್ತ ಹೋಗಿ ನೋಡಿರಬೇಕು, ಇತ್ತ ಹೋಗಿ ನೋಡಿರಬೇಕು. ಐದು ನಿಮಿಷದ ಮೇಲೆ ಮತ್ತೆ ಬಂತು.

"ಕಾಣಲ್ಲ ಅಜ್ಜ! ಪೇಟೆ ಕಾಣುತ್ತೆ, ರೈಲು ಕಾಣುತ್ತೆ. ನಮ್ಮ ಬೀದಿ ಬೆಟ್ಟದ ಬುಡದಲ್ಲೇ ಇದೆಯಲ್ಲ, ನೀವು ನಿಂತಿರೋ ಕಲ್ಲೇ ಅಡ್ಡ ಬರುತ್ತೆ! ಎಷ್ಟು ಬಗ್ಗಿದ್ರೂ ಕಾಣಲ್ಲ!"

"ಬಗ್ಗಬೇಡ!" ಎಂದು ಅಕ್ಕ ಕೂಗಿ, ದಣಿದು, ಚಪ್ಪಟೆ ಕಲ್ಲಿನ ಮೇಲೆ ಬಂಡೆಗೆ ಬೆನ್ನು ಕೊಟ್ಟು ಕೂತರು. ಬುತ್ತಿಯ ಗಂಟಿಗೆ ಹಾಕಿದ ಕೈ ಹಾಗೆಯೇ ನಿಂತಿತು.

"ಅಜ್ಜ," ಎಂದರು ಮೆಲ್ಲಗೆ. "ಈ ಕಡೆ ತಿರುಗಿ."

ಇಷ್ಟು ಹೊತ್ತು ಎಲ್ಲರೂ ಬಂಡೆಯನ್ನೇ ನೋಡುತ್ತಿದ್ದರು. ಬೆನ್ನ ಹಿಂದೆ ಮಂಜು ಪೂರ್ತಿ ಕರಗಿ, ಅಂಗಾಲಿನ ನೇರಕ್ಕೆ ಎಂಬಂತೆ ಕೆಳಗೆ ನಮ್ಮ ಬೀದಿ ಬಿದ್ದಿತ್ತು. ಗಿರಣಿಯ ಹೊಗೆಕೊಳವೆ, ನಕ್ಷೆಯವರ ತಾರಸಿ, ಅದರ ಮೇಲಿನ ತೊಟ್ಟಿಯಿಂದ ಹರಿದುಹೋಗುತ್ತಿರುವ ನೀರು ಕೂಡ ಮಿನುಗುತ್ತಿತ್ತು. ಅದರ ಪಕ್ಕದಲ್ಲಿ ಹಸಿರು ತಗಡಿನ ಮಾಡಿನ ಚಿಕ್ಕ ಮನೆ. ಹಿಂದೆ ಅಂಗೈಯಷ್ಟು ಹಿತ್ತಿಲು.

ಅಜ್ಜ ಕೂತರು.

ಸ್ವಲ್ಪ ಹೊತ್ತಿನ ಮೇಲೆ ನಕ್ಷೆಯವರೇ ಧೈರ್ಯ ಮಾಡಿದರು. "ಕಾಣುತ್ತೆ ಅಂತಲೇ ಹೇಳಿಬಿಡಿ ಅಜ್ಜ."

"ಅವಳು ಕೇಳಿದ್ದು ತುದಿಯಿಂದ ಕಾಣುತ್ತಾ ಅಂತ. ತುದಿಯಿಂದ ಕಾಣಲ್ಲ. ಒಂದು ಮನೆ ಕಾಗದಾನ ಇನ್ನೊಂದು ಮನೆಗೆ ಹಾಕಿದವನಲ್ಲ ನಾನು. ಇದ್ದದ್ದನ್ನ ಇದ್ದಂಗೆ ಹೇಳ್ತೀನಿ: ತುದಿಯಿಂದ ಕಾಣಲ್ಲ ಕಣೇ, ಸ್ವಲ್ಪ ಕೆಳಗಿಂದ ಕಾಣುತ್ತೆ."

ಕೈ ಮುಗಿದು ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು; ಏನು ಹೇಳಿದರೆಂದು ಉಳಿದವರು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ದೊಡ್ಡ ಕಾಗದವೇ ಇರಬೇಕು, ಮುಗಿಯಲು ಹೊತ್ತು ಹಿಡಿಯಿತು. ಮೇಲಿನಿಂದ ಆಗಾಗ ಹಸಿದ ಸೀಟಿ ಕೇಳಿಸುತ್ತಿತ್ತು.

ನಕ್ಷೆಯವರು ಸುಮ್ಮನೆ ಕೂರಲಾರದೆ ಜೇಬಿನಿಂದ ಪೆನ್ಸಿಲು ತೆಗೆದರು. ಹಾಳೆಯನ್ನು ತೊಡೆಯ ಮೇಲೆ ಹಾಸಿ, ಬಿಳಿ ಜಾಗದಲ್ಲಿ ಬಂಡೆಯ ಗುರುತನ್ನು ಹಲ್ಲು ಹಲ್ಲಾಗಿ, ಅಂದವಾಗಿ ಎಳೆದರು. ಆಮೇಲೆ ಅದರ ಬುಡದಲ್ಲಿ ಒಂದು ಚುಕ್ಕೆ ಇಟ್ಟು ಯೋಚಿಸುತ್ತಾ ಕೂತರು. ಇಲಾಖೆಯ ಗುರುತುಗಳ ಪಟ್ಟಿಯಲ್ಲಿ ಬಾವಿಗೆ ಗುರುತಿದೆ, ಸೇತುವೆಗಿದೆ, ಸ್ಮಶಾನಕ್ಕಿದೆ, ಸುಣ್ಣದ ಗೂಡಿಗೂ ಇದೆ. ಇಂಥ ಜಾಗಕ್ಕೆ ಇಲ್ಲ. ಕೊನೆಗೆ ಅವರಿಗೆ ತೋಚಿದ್ದನ್ನು ಹಾಕಿದರು.

ಅಜ್ಜ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. "ಏನಪ್ಪ ಇದು?"

"ಅಂಚೆ ಕಚೇರಿ ಅಜ್ಜ."

ಅಜ್ಜ ಕನ್ನಡಕ ಸರಿಮಾಡಿಕೊಂಡು, ತಪಾಸಣೆಗೆ ಬಂದ ಮೇಲಧಿಕಾರಿಯ ಹಾಗೆ ಅದನ್ನು ಬಹಳ ಹೊತ್ತು ಪರೀಕ್ಷಿಸಿದರು.

"ಅಂಚೆ ಡಬ್ಬಿ ತೆಗೆಯೋ ಹೊತ್ತು ಬರೆದಿಲ್ವಲ್ಲ," ಎಂದರು.

ನಕ್ಷೆಯವರು ಕೈಗಡಿಯಾರ ನೋಡಿ, ಗುರುತಿನ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದರು: ಮಧ್ಯಾಹ್ನ ಹನ್ನೆರಡೂವರೆ.